ಇಸ್ಲಾಮಾಬಾದ್ ಆಮೇಲೆ, ಮೊದಲು ಕೊಲಂಬೊ: ವಿದೇಶಾಂಗ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಎಸ್. ಜೈಶಂಕರ್ ಅವರಿಗೆ,

ಬೆಂಗಳೂರಿನಿಂದ ನಮಸ್ಕಾರಗಳು.

2016ರ ಜೂನ್ 27, ಸೋಮವಾರ ನಿಮಗೆ ಚೆನ್ನಾಗಿ ನೆನಪಿರಬೇಕು. ಆಗ ನೀವು ವಿದೇಶಾಂಗ ಕಾರ್ಯದರ್ಶಿ. ಫ್ರಾನ್ಸ್, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ದೇಶಗಳ ರಾಯಭಾರಿಗಳ ಸಮ್ಮುಖದಲ್ಲಿ ಒಂದು ಪತ್ರಕ್ಕೆ ಸಹಿ ಹಾಕಿದಿರಿ. ಕ್ಷಿಪಣಿ ಮತ್ತು ಅದರ ಬಿಡಿಭಾಗಗಳ ಮಾರಾಟಕ್ಕೆ ಕಡಿವಾಣ ಹಾಕುವ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟಕ್ಕೆ, ಅಂದರೆ ಎಂಟಿಸಿಆರ್‌ಗೆ, ಭಾರತ 35ನೇ ಸದಸ್ಯ ದೇಶವಾಗಿ ಸೇರಿತು. ಅದಕ್ಕೆ ಮೂರೇ ದಿನ ಮುಂಚೆ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ನಡೆದ ಪರಮಾಣು ಪೂರೈಕೆದಾರ ದೇಶಗಳ ಕೂಟದ ಸಭೆಯಲ್ಲಿ ನಮಗೆ ಸದಸ್ಯತ್ವ ಸಿಕ್ಕಿರಲಿಲ್ಲ. ಹಾಗಾಗಿ ಎಂಟಿಸಿಆರ್ ಸುದ್ದಿಯನ್ನು ಬಹಳಷ್ಟು ಜನ ಸಮಾಧಾನಕರ ಬಹುಮಾನದ ಥರ ಓದಿಕೊಂಡರು.

ಅದೇ ಜೂನ್ ತಿಂಗಳ ಆರಂಭದಲ್ಲಿ ಭಾರತ ಇನ್ನೊಂದು ವ್ಯವಸ್ಥೆಗೂ ಸೇರಿತ್ತು. ಅದರ ಬಗ್ಗೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಬ್ಯಾಲಿಸ್ಟಿಕ್ ಕ್ಷಿಪಣಿಗಳು, ಅಂದರೆ ರಾಕೆಟ್ ಥರ ಮೇಲಕ್ಕೆ ಹಾರಿ ಕಮಾನಿನಂತೆ ಬಾಗಿ ಕೆಳಗೆ ಬೀಳುವ ಕ್ಷಿಪಣಿಗಳು, ಹರಡದಂತೆ ತಡೆಯಲು ಮಾಡಿಕೊಂಡ ಹೇಗ್ ನೀತಿ ಸಂಹಿತೆ ಅದು. 2002ರ ನವೆಂಬರ್ 25ರಂದು ಹೇಗ್ ನಗರದಲ್ಲಿ 93 ದೇಶಗಳು ಸೇರಿ ಶುರು ಮಾಡಿದ್ದು. ಈಗ 140ಕ್ಕೂ ಹೆಚ್ಚು ದೇಶಗಳಿವೆ. ನಾವು ಹದಿನಾಲ್ಕು ವರ್ಷ ಹೊರಗೆ ನಿಂತು, ಆಮೇಲೆ ಒಳಗೆ ಬಂದೆವು.

ನಮ್ಮ ಅಕ್ಕಪಕ್ಕದವರು ಎಲ್ಲಿದ್ದಾರೆ ಅಂತ ನೋಡಿ. ಸಾರ್ಕ್‌ನ ಎಂಟು ದೇಶಗಳಲ್ಲಿ ಈ ಸಂಹಿತೆ ಒಪ್ಪಿಕೊಂಡಿರುವುದು ಮೂರೇ: ಭಾರತ, ಅಫ್ಘಾನಿಸ್ತಾನ, ಮಾಲ್ಡೀವ್ಸ್. ಶ್ರೀಲಂಕಾ ಇಲ್ಲ, ಬಾಂಗ್ಲಾದೇಶ ಇಲ್ಲ, ನೇಪಾಳ ಇಲ್ಲ, ಭೂತಾನ್ ಇಲ್ಲ. ಪಾಕಿಸ್ತಾನ ಅಂತೂ ಇಲ್ಲವೇ ಇಲ್ಲ. ಆಚೆಗೆ ಚೀನಾ, ಇರಾನ್, ಸೌದಿ ಅರೇಬಿಯಾ, ಇಂಡೊನೇಷ್ಯಾ ಕೂಡ ಹೊರಗೇ ಇವೆ.

ಹೀಗೆ ಹೊರಗಿರುವವರನ್ನು ಒಳಗೆ ಕರೆಯುವ ಕೆಲಸವನ್ನು ಇಷ್ಟು ವರ್ಷ ಹೆಚ್ಚಾಗಿ ಯುರೋಪಿನವರು ಮಾಡಿಕೊಂಡು ಬಂದಿದ್ದಾರೆ. ಐರೋಪ್ಯ ಒಕ್ಕೂಟ ದುಡ್ಡು ಕೊಡುತ್ತದೆ, ಪ್ಯಾರಿಸ್‌ನ ಒಂದು ಸಂಶೋಧನಾ ಸಂಸ್ಥೆ ವಿಚಾರಗೋಷ್ಠಿ ನಡೆಸುತ್ತದೆ, ವಿಯೆನ್ನಾದಲ್ಲಿ, ನ್ಯೂಯಾರ್ಕ್‌ನಲ್ಲಿ ಸಭೆ ಕರೆಯುತ್ತದೆ. ಒಳ್ಳೆಯ ಕೆಲಸವೇ. ಆದರೆ ಕೊಲಂಬೊದ ಒಬ್ಬ ಅಧಿಕಾರಿಗೆ ಪ್ಯಾರಿಸ್‌ನಿಂದ ಬಂದ ಆಹ್ವಾನಕ್ಕೂ ದೆಹಲಿಯಿಂದ ಬಂದ ಫೋನಿಗೂ ವ್ಯತ್ಯಾಸ ಇರುತ್ತದೆ ಅಲ್ವಾ? ನಮ್ಮ ನಾಲ್ಕು ಸಣ್ಣ ನೆರೆಯವರನ್ನು ಹೇಗ್ ಸಂಹಿತೆಗೆ ಕರೆತರುವ ಕೆಲಸವನ್ನು ಭಾರತ ತಾನೇ ವಹಿಸಿಕೊಳ್ಳಲಿ ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಇಸ್ಲಾಮಾಬಾದ್, ಬೀಜಿಂಗ್ ಆಮೇಲೆ. ಮೊದಲು ಕೊಲಂಬೊ.

ನಿಮಗೆ ಗೊತ್ತಿರುವುದೇ ಆದರೂ, ಈ ಪತ್ರ ಓದುವ ಉಳಿದವರಿಗಾಗಿ ಎರಡು ಮಾತು. ಹೇಗ್ ಸಂಹಿತೆ ಯಾರ ಕ್ಷಿಪಣಿಯನ್ನೂ ಕಿತ್ತುಕೊಳ್ಳುವುದಿಲ್ಲ. ಅದು ಒಪ್ಪಂದವೂ ಅಲ್ಲ, ಸಂಸತ್ತಿನ ಅನುಮೋದನೆ ಬೇಕಾಗಿಲ್ಲ, ತಪಾಸಣೆಗೆ ಯಾರೂ ಬರುವುದಿಲ್ಲ, ಸದಸ್ಯತ್ವಕ್ಕೆ ಶುಲ್ಕವೂ ಇಲ್ಲ. ಸೇರಿದವರು ಮಾಡಬೇಕಾದ ಕೆಲಸ ಮುಖ್ಯವಾಗಿ ಎರಡು. ಬ್ಯಾಲಿಸ್ಟಿಕ್ ಕ್ಷಿಪಣಿ ಅಥವಾ ಉಪಗ್ರಹ ಹೊತ್ತ ರಾಕೆಟ್ ಹಾರಿಸುವ ಮುಂಚೆ ತಿಳಿಸಬೇಕು: ಯಾವ ಬಗೆಯದು, ಯಾವ ದಿನಗಳ ಒಳಗೆ, ಯಾವ ಜಾಗದಿಂದ, ಯಾವ ದಿಕ್ಕಿಗೆ. ವರ್ಷಕ್ಕೊಮ್ಮೆ ತಮ್ಮ ಕ್ಷಿಪಣಿ ನೀತಿ ಏನು, ಏನೇನು ಹಾರಿಸಿದೆವು ಅಂತ ಒಂದು ವರದಿ ಕೊಡಬೇಕು. ಈ ಪತ್ರಗಳೆಲ್ಲ ವಿಯೆನ್ನಾದಲ್ಲಿರುವ ಆಸ್ಟ್ರಿಯಾ ವಿದೇಶಾಂಗ ಇಲಾಖೆಗೆ ಹೋಗುತ್ತವೆ. ಅಲ್ಲಿಂದ ಉಳಿದ ಸದಸ್ಯರಿಗೆ ತಲುಪುತ್ತವೆ. ಸದಸ್ಯರಿಗೆ ಮಾತ್ರ, ನೆನಪಿಡಿ.

ನಮ್ಮ ಕಡೆ ಕಲ್ಲು ಕ್ವಾರಿಯಲ್ಲಿ ಸಿಡಿಮದ್ದು ಹಚ್ಚುವ ಮುಂಚೆ ಸೀಟಿ ಊದುತ್ತಾರೆ, ಕೆಂಪು ಬಾವುಟ ಹಿಡಿದು ಒಬ್ಬ ರಸ್ತೆಗೆ ಅಡ್ಡ ನಿಲ್ಲುತ್ತಾನೆ. ಸೀಟಿ ಊದಿದ ಮಾತ್ರಕ್ಕೆ ಕ್ವಾರಿ ನಿಲ್ಲುವುದಿಲ್ಲ. ಆದರೆ ಊದದೆ ಸಿಡಿಸಿದರೆ ಊರಿನವರು ಸುಮ್ಮನೆ ಬಿಡುತ್ತಾರಾ?

ಶ್ರೀಲಂಕಾದ ಹತ್ತಿರ ಒಂದೂ ಬ್ಯಾಲಿಸ್ಟಿಕ್ ಕ್ಷಿಪಣಿ ಇಲ್ಲ. ಮತ್ತೆ ಅವರಿಗೆ ಇದರಿಂದ ಏನು ಅಂತ ಯಾರಾದರೂ ಕೇಳಬಹುದು. ಶ್ರೀಹರಿಕೋಟಾದ ನಕ್ಷೆ ತೆಗೆದು ನೋಡಿದರೆ ಉತ್ತರ ಸಿಗುತ್ತದೆ. ಧ್ರುವ ಕಕ್ಷೆಗೆ ಉಪಗ್ರಹ ಕಳಿಸಬೇಕಾದರೆ ರಾಕೆಟ್ ನೇರ ದಕ್ಷಿಣಕ್ಕೆ ಹೋಗಬೇಕು. ಆ ದಾರಿಯಲ್ಲಿ ಶ್ರೀಲಂಕಾ ಅಡ್ಡ ಸಿಗುತ್ತದೆ. ಅದಕ್ಕೇ ನಮ್ಮ ಪಿಎಸ್‌ಎಲ್‌ವಿ ಮೊದಲು ಆಗ್ನೇಯಕ್ಕೆ ಹಾರಿ, ದ್ವೀಪವನ್ನು ಬಳಸಿಕೊಂಡು, ಆಮೇಲೆ ದಕ್ಷಿಣಕ್ಕೆ ತಿರುಗುತ್ತದೆ. ಹೀಗೆ ಸುತ್ತು ಹಾಕಲು ಇಂಧನ ಜಾಸ್ತಿ ಬೇಕು, ಹೊರುವ ತೂಕ ಕಡಿಮೆಯಾಗುತ್ತದೆ. ದೊಡ್ಡ ರಾಕೆಟ್ ಹೇಗೋ ತಡೆದುಕೊಳ್ಳುತ್ತದೆ, ಸಣ್ಣ ಎಸ್‌ಎಸ್‌ಎಲ್‌ವಿಗೆ ಅದು ಭಾರೀ ನಷ್ಟ. ಆ ಕಾರಣಕ್ಕೇ ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ಕುಲಶೇಖರಪಟ್ಟಿಣದಲ್ಲಿ ಹೊಸ ಉಡಾವಣಾ ನೆಲೆ ಬರುತ್ತಿದೆ. 2024ರ ಫೆಬ್ರುವರಿ 28ರಂದು ಪ್ರಧಾನಿ ಅದಕ್ಕೆ ಶಂಕುಸ್ಥಾಪನೆ ಮಾಡಿದರು. ಅಲ್ಲಿಂದ ಹೊರಟ ರಾಕೆಟ್ ಶ್ರೀಲಂಕಾದ ಪಶ್ಚಿಮಕ್ಕೆ ಸಮುದ್ರದ ಮೇಲೆ ನೇರ ದಕ್ಷಿಣಕ್ಕೆ ಹೋಗಬಹುದು.

ಅಂದರೆ ಇನ್ನು ಮುಂದೆ ಶ್ರೀಲಂಕಾದ ಎರಡೂ ಕಡೆ ನಮ್ಮ ರಾಕೆಟ್‌ಗಳು ಹಾರಾಡುತ್ತವೆ. ಪೂರ್ವಕ್ಕೆ ಶ್ರೀಹರಿಕೋಟಾದ್ದು, ಪಶ್ಚಿಮಕ್ಕೆ ಕುಲಶೇಖರಪಟ್ಟಿಣದ್ದು. ಅದರ ಜೊತೆಗೆ ಒಡಿಶಾದ ಅಬ್ದುಲ್ ಕಲಾಂ ದ್ವೀಪದಿಂದ ಬಂಗಾಳ ಕೊಲ್ಲಿಗೆ ಹಾರುವ ಅಗ್ನಿ ಕ್ಷಿಪಣಿಗಳು. ಇಷ್ಟರ ನಡುವೆ ಕೂತಿರುವ ದೇಶಕ್ಕೆ ಅಧಿಕೃತವಾಗಿ ಮುಂಚಿತವಾಗಿ ತಿಳಿದುಕೊಳ್ಳುವ ಹಕ್ಕು ಬೇಡವಾ?

ವಿಮಾನಗಳಿಗೆ, ಹಡಗುಗಳಿಗೆ ಎಚ್ಚರಿಕೆ ಕೊಡುತ್ತೇವಲ್ಲ, ಅದು ಸಾಲದೇ ಅಂತ ನಿಮ್ಮ ಇಲಾಖೆಯವರು ಹೇಳಬಹುದು. ಸಾಲದು. ಆ ಎಚ್ಚರಿಕೆ ಪೈಲಟ್‌ಗೆ ಮತ್ತು ಹಡಗಿನ ಕ್ಯಾಪ್ಟನ್‌ಗೆ ಬರೆದದ್ದು. ಇಷ್ಟರಿಂದ ಇಷ್ಟು ಗಂಟೆ ಈ ಜಾಗಕ್ಕೆ ಬರಬೇಡಿ ಅನ್ನುತ್ತದೆ, ಅಷ್ಟೇ. ಹಾರುವುದು ಏನು ಅಂತ ಹೇಳುವುದಿಲ್ಲ. ಆಮೇಲೆ ನಡೆಯುವುದು ಎಲ್ಲರಿಗೂ ಗೊತ್ತು. ಆ ನಿಷೇಧಿತ ಪಟ್ಟಿಯ ಉದ್ದ ಅಳೆದು, ಅಗ್ನಿ ಎಷ್ಟನೆಯದು ಅಂತ ಜಾಲತಾಣಗಳಲ್ಲಿ ಜನ ಊಹೆ ಮಾಡುತ್ತಾರೆ. ಪಕ್ಕದ ದೇಶದ ವಿದೇಶಾಂಗ ಇಲಾಖೆಯೂ ಅದೇ ಊಹೆಯ ಮೇಲೆ ನಡೆಯಬೇಕು ಅಂದರೆ ಅದು ನಮಗೆ ಶೋಭೆ ತರುವ ವಿಷಯ ಅಲ್ಲ.

ಹಾರಿಸಿದ್ದೆಲ್ಲ ಸಮುದ್ರದಲ್ಲೇ ಮುಳುಗಿ ಹೋಗುತ್ತದೆ ಅಂತಲೂ ಇಲ್ಲ. 2023ರ ಜುಲೈನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗ್ರೀನ್ ಹೆಡ್ ಅನ್ನುವ ಸಣ್ಣ ಊರಿನ ಕಡಲ ತೀರದಲ್ಲಿ ಆಳೆತ್ತರದ ದೊಡ್ಡ ಡ್ರಮ್ಮಿನಂಥದ್ದೊಂದು ಬಂದು ಬಿದ್ದಿತ್ತು. ಪೊಲೀಸರು ಕಾವಲು ಹಾಕಿದರು, ಜನ ಏನೇನೋ ಊಹಿಸಿದರು. ಕೊನೆಗೆ ಅದು ನಮ್ಮ ಪಿಎಸ್‌ಎಲ್‌ವಿಯ ಮೂರನೇ ಹಂತದ ಅವಶೇಷ ಇರುವ ಸಾಧ್ಯತೆಯೇ ಹೆಚ್ಚು ಅಂತ ಆಸ್ಟ್ರೇಲಿಯಾದ ಬಾಹ್ಯಾಕಾಶ ಸಂಸ್ಥೆ ಹೇಳಿತು. ಯಾರಿಗೂ ಏನೂ ಆಗಲಿಲ್ಲ. ಎರಡು ದೇಶಗಳ ನಡುವೆ ಮಾತು ಚೆನ್ನಾಗಿತ್ತು, ವಿಷಯ ಅಲ್ಲಿಗೇ ತಣ್ಣಗಾಯಿತು.

ಮಾತು ಚೆನ್ನಾಗಿಲ್ಲದ ಕಡೆ ಏನಾಗುತ್ತದೆ ಅನ್ನುವುದಕ್ಕೆ 1995ರ ಜನವರಿ 25 ನೋಡಿ. ಅವತ್ತು ಬೆಳಿಗ್ಗೆ ನಾರ್ವೆಯ ಆಂಡೋಯ ದ್ವೀಪದಿಂದ ವಿಜ್ಞಾನಿಗಳು ಒಂದು ರಾಕೆಟ್ ಹಾರಿಸಿದರು. ಉತ್ತರ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕನ್ನು ಅಧ್ಯಯನ ಮಾಡುವ ರಾಕೆಟ್, ಪಾಪದ್ದು. ಆದರೆ ರಷ್ಯಾದ ರಾಡಾರಿಗೆ ಅದು ಅಮೆರಿಕದ ಜಲಾಂತರ್ಗಾಮಿಯಿಂದ ಬಂದ ಟ್ರೈಡೆಂಟ್ ಕ್ಷಿಪಣಿಯ ಹಾಗೆ ಕಂಡಿತು. ಅಧ್ಯಕ್ಷ ಯೆಲ್ಟ್ಸಿನ್ ಅವರ ಮುಂದೆ ಅಣ್ವಸ್ತ್ರ ದಾಳಿಗೆ ಆದೇಶ ಕೊಡುವ ಪೆಟ್ಟಿಗೆ ತೆರೆದುಕೊಂಡಿತು. ಕೆಲವು ನಿಮಿಷಗಳ ನಂತರ ರಾಕೆಟ್ ತಮ್ಮ ಕಡೆ ಬರುತ್ತಿಲ್ಲ ಅಂತ ಖಚಿತವಾಯಿತು. ಇದರಲ್ಲಿ ನನ್ನನ್ನು ಇವತ್ತಿಗೂ ಕಾಡುವ ಸಂಗತಿ ಬೇರೆಯೇ ಇದೆ. ನಾರ್ವೆ ಮಾಸ್ಕೋಗೆ ವಾರಗಟ್ಟಲೆ ಮುಂಚೆಯೇ ತಿಳಿಸಿತ್ತು! ಆ ಪತ್ರ ರಾಡಾರಿನ ಮುಂದೆ ಕೂತವರ ಮೇಜಿಗೆ ಹೋಗಿರಲಿಲ್ಲ. ಯಾವುದೋ ಕಚೇರಿಯಲ್ಲಿ ಕಡತದೊಳಗೆ ಕೂತುಬಿಟ್ಟಿತ್ತು.

ಹಾಗಾಗಿ ಸಹಿ ಹಾಕಿಸಿದರೆ ಮುಗಿಯಿತು ಅಂತ ನಾನು ಹೇಳುತ್ತಿಲ್ಲ. ಸಹಿಯ ಹಿಂದೆ ಒಂದು ಮೇಜು ಬೇಕು, ಆ ಮೇಜಿನ ಹಿಂದೆ ರಾತ್ರಿ ಪಾಳಿಯಲ್ಲೂ ಫೋನ್ ಎತ್ತುವ ಒಬ್ಬರು ಬೇಕು. ಸಣ್ಣ ದೇಶಗಳ ಕಷ್ಟ ಅಲ್ಲೇ ಇರುವುದು. ನಿರಸ್ತ್ರೀಕರಣ, ಹವಾಮಾನ, ಸಾಗರ ಕಾನೂನು, ಎಲ್ಲವನ್ನೂ ಕೈಬೆರಳೆಣಿಕೆಯ ಅಧಿಕಾರಿಗಳೇ ನೋಡಿಕೊಳ್ಳಬೇಕಾದ ಇಲಾಖೆಗೆ ಇನ್ನೊಂದು ವಾರ್ಷಿಕ ವರದಿ ಅಂದರೆ ಇನ್ನೊಂದು ತಲೆನೋವು. ಕ್ಷಿಪಣಿ ಇಲ್ಲದವರು ಕೊಡಬೇಕಾದ ವರದಿ 'ಏನೂ ಇಲ್ಲ' ಅನ್ನುವಷ್ಟೇ. ಆದರೂ ಅದನ್ನು ತುಂಬಿ ಕಳಿಸಲು ಒಬ್ಬರು ಬೇಕಲ್ಲ? ಭಾರತ ನೆರವಾಗಬೇಕಾದ್ದು ಇಂಥ ಕಡೆ. ದೆಹಲಿಯ ಸುಷ್ಮಾ ಸ್ವರಾಜ್ ವಿದೇಶ ಸೇವಾ ಸಂಸ್ಥೆಗೆ ಹೊರದೇಶಗಳ ಯುವ ರಾಜತಾಂತ್ರಿಕರು ತರಬೇತಿಗೆ ಬರುತ್ತಲೇ ಇರುತ್ತಾರೆ. ಅವರಿಗೆ ಈ ಸಂಹಿತೆಯ ಪಾಠವನ್ನೂ ಸೇರಿಸಿ. ದೊಡ್ಡ ಖರ್ಚೇನೂ ಇಲ್ಲ.

ಇದೆಲ್ಲ ಕೇಳಲು ಭಾರತಕ್ಕೆ ಇರುವಷ್ಟು ಅರ್ಹತೆ ಇನ್ನೊಬ್ಬರಿಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂದರೆ ಈ ನಿಯಮಗಳ ಏಟು ತಿಂದವರು ನಾವು. ಬೆಂಗಳೂರಿನವರಿಗೆ ಇದು ದೂರದ ಕಥೆ ಅಲ್ಲ, ಇಸ್ರೊ ಮುಖ್ಯ ಕಚೇರಿ ಇರುವುದೇ ನಮ್ಮ ನ್ಯೂ ಬಿಇಎಲ್ ರಸ್ತೆಯಲ್ಲಿ. 1991ರಲ್ಲಿ ಇಸ್ರೊ ಸೋವಿಯತ್ ಒಕ್ಕೂಟದ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮೋಸ್ ಜೊತೆ ಕ್ರಯೋಜೆನಿಕ್ ಎಂಜಿನ್ ಮತ್ತು ಅದರ ತಂತ್ರಜ್ಞಾನಕ್ಕೆ ಒಪ್ಪಂದ ಮಾಡಿಕೊಂಡಿತು. ಆಗ ಇಸ್ರೊ ಅಧ್ಯಕ್ಷರಾಗಿದ್ದವರು ಉಡುಪಿ ಜಿಲ್ಲೆಯ ಅದಮಾರಿನ ಯು.ಆರ್. ರಾವ್. 1992ರ ಮೇ ತಿಂಗಳಲ್ಲಿ ಅಮೆರಿಕ ಎಂಟಿಸಿಆರ್ ಹೆಸರು ಹೇಳಿ ಇಸ್ರೊ ಮೇಲೂ ಗ್ಲಾವ್‌ಕಾಸ್ಮೋಸ್ ಮೇಲೂ ಎರಡು ವರ್ಷದ ನಿರ್ಬಂಧ ಹಾಕಿತು. 1993ರಲ್ಲಿ ರಷ್ಯಾ ಒತ್ತಡಕ್ಕೆ ಮಣಿದು ತಂತ್ರಜ್ಞಾನ ಕೊಡುವುದಿಲ್ಲ ಅಂದಿತು. ಸಿದ್ಧ ಎಂಜಿನ್‌ಗಳನ್ನಷ್ಟೇ ಕೊಟ್ಟಿತು.

ಕ್ರಯೋಜೆನಿಕ್ ಎಂಜಿನ್‌ನಲ್ಲಿ ಉರಿಯುವುದು ದ್ರವ ಜಲಜನಕ ಮತ್ತು ದ್ರವ ಆಮ್ಲಜನಕ. ಎರಡನ್ನೂ ವಿಪರೀತ ಚಳಿಯಲ್ಲಿ ಇಡಬೇಕು, ಹಾರಿಸುವ ಸ್ವಲ್ಪ ಮುಂಚೆಯಷ್ಟೇ ತುಂಬಬೇಕು. ಯುದ್ಧ ಬಂದಾಗ ಗಂಟೆಗಟ್ಟಲೆ ಇಂಧನ ತುಂಬಿಸುತ್ತಾ ಕೂರುವ ಕ್ಷಿಪಣಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಆದರೂ ಕ್ಷಿಪಣಿ ನಿಯಮದ ಹೆಸರಲ್ಲಿ ನಮಗೆ ಬಾಗಿಲು ಮುಚ್ಚಿದರು. ನಮ್ಮದೇ ಕ್ರಯೋಜೆನಿಕ್ ಹಂತ ಮೊದಲ ಸಲ ಸರಿಯಾಗಿ ಕೆಲಸ ಮಾಡಿದ್ದು 2014ರ ಜನವರಿ 5ರಂದು. ಎರಡು ದಶಕ ದಾಟಿತ್ತು.

ಈ ಕಥೆಯ ಮುಂದಿನ ಪುಟ ನನಗೆ ಬಹಳ ಇಷ್ಟ. 2017ರ ಮೇ 5ರಂದು ಅದೇ ಕ್ರಯೋಜೆನಿಕ್ ಹಂತವಿದ್ದ ಜಿಎಸ್‌ಎಲ್‌ವಿ ರಾಕೆಟ್, ದಕ್ಷಿಣ ಏಷ್ಯಾ ಉಪಗ್ರಹವನ್ನು ಮೇಲಕ್ಕೆ ಕೊಂಡೊಯ್ದಿತು. ಅದು ನೆರೆಯವರಿಗೆ ನಾವು ಕೊಟ್ಟ ಉಡುಗೊರೆ. ಪಾಕಿಸ್ತಾನ ಬೇಡ ಅಂದಿತು. ಶ್ರೀಲಂಕಾ, ಬಾಂಗ್ಲಾದೇಶ, ನೇಪಾಳ, ಭೂತಾನ್, ಮಾಲ್ಡೀವ್ಸ್, ಅಫ್ಘಾನಿಸ್ತಾನ ಸೇರಿಕೊಂಡವು. ಎಂಟಿಸಿಆರ್ ಹೆಸರಲ್ಲಿ ತಡೆಹಿಡಿದಿದ್ದ ವಿದ್ಯೆಯನ್ನು ನಾವೇ ಕಲಿತು, ಅದರ ಫಲವನ್ನು ಅಕ್ಕಪಕ್ಕದವರಿಗೆ ಹಂಚಿದೆವು. ಹೇಗ್ ಸಂಹಿತೆ ಬಡ ದೇಶಗಳ ಬಾಹ್ಯಾಕಾಶ ಕನಸಿಗೆ ಅಡ್ಡಿ ಅಂತ ಢಾಕಾದಲ್ಲೋ ಕಠ್ಮಂಡುವಿನಲ್ಲೋ ಯಾರಾದರೂ ಅಂದರೆ ಅದಕ್ಕೆ ಉತ್ತರ ಕೊಡಲು ಅಮೆರಿಕದವರಿಂದ ಆಗುವುದಿಲ್ಲ, ನಮ್ಮಿಂದ ಆಗುತ್ತದೆ. ನಾವು ಒಳಗೂ ಇದ್ದೇವೆ, ರಾಕೆಟ್ಟೂ ಹಾರಿಸುತ್ತಿದ್ದೇವೆ.

ಇನ್ನು ಬಂದರುಗಳ ವಿಷಯ. ಇದು ಎಂಟಿಸಿಆರ್‌ಗೆ ಸೇರಿದ್ದು, ಆದರೆ ನೆರೆಯವರ ಜೊತೆ ಒಟ್ಟಿಗೇ ಮಾತಾಡಬೇಕಾದ್ದು. 1987ರ ಏಪ್ರಿಲ್‌ನಲ್ಲಿ ಏಳು ಶ್ರೀಮಂತ ದೇಶಗಳು ಎಂಟಿಸಿಆರ್ ಶುರು ಮಾಡಿದಾಗ ಹಾಕಿಕೊಂಡ ಗೆರೆ, 500 ಕಿಲೊ ಸಿಡಿತಲೆಯನ್ನು 300 ಕಿಲೊಮೀಟರ್ ಒಯ್ಯಬಲ್ಲ ಕ್ಷಿಪಣಿ. ಅಂಥವನ್ನೂ ಅವುಗಳ ಬಿಡಿಭಾಗಗಳನ್ನೂ ಮಾರಬಾರದು ಅಂತ. ಆದರೆ ಬಿಡಿಭಾಗಗಳ ಮೇಲೆ ಯಾರೂ 'ಕ್ಷಿಪಣಿ' ಅಂತ ಬರೆದು ಕಳಿಸುವುದಿಲ್ಲ. 1999ರ ಜೂನ್‌ನಲ್ಲಿ ಗುಜರಾತಿನ ಕಾಂಡ್ಲಾ ಬಂದರಿಗೆ ಉತ್ತರ ಕೊರಿಯಾದ ಕು ವೋಲ್ ಸಾನ್ ಅನ್ನುವ ಹಡಗು ಸಕ್ಕರೆ ಇಳಿಸಲು ಬಂದಿತ್ತು. ನಮ್ಮ ಕಸ್ಟಮ್ಸ್‌ನವರಿಗೆ ಅನುಮಾನ ಬಂತು. ಪೆಟ್ಟಿಗೆಗಳ ಮೇಲೆ ನೀರು ಶುದ್ಧ ಮಾಡುವ ಯಂತ್ರ ಅಂತ ಬರೆದಿತ್ತು. ಒಡೆದು ನೋಡಿದರೆ ಕ್ಷಿಪಣಿಯ ಭಾಗಗಳು, ಅದನ್ನು ತಯಾರಿಸುವ ಯಂತ್ರಗಳು, ನಕ್ಷೆಗಳು. 2020ರ ಫೆಬ್ರುವರಿಯಲ್ಲಿ ಅದೇ ಕಾಂಡ್ಲಾದಲ್ಲಿ ಚೀನಾದಿಂದ ಕರಾಚಿಗೆ ಹೊರಟಿದ್ದ ಹಡಗಿನಲ್ಲಿ ದೊಡ್ಡ ಆಟೊಕ್ಲೇವ್ ಸಿಕ್ಕಿತು. ಆಟೊಕ್ಲೇವ್ ಅಂದರೆ ಬಿಸಿ ಮತ್ತು ಒತ್ತಡದಲ್ಲಿ ವಸ್ತುಗಳನ್ನು ಗಟ್ಟಿ ಮಾಡುವ ಕೊಳವೆಯಾಕಾರದ ಕುಲುಮೆ. ವಿಮಾನದ ಭಾಗಕ್ಕೂ ಬೇಕು, ಕ್ಷಿಪಣಿಯ ಮೋಟರಿನ ಕವಚಕ್ಕೂ ಬರುತ್ತದೆ.

ಕಾಂಡ್ಲಾದಲ್ಲಿ ಸಿಕ್ಕಿತು, ಸರಿ. ಕೊಲಂಬೊದಲ್ಲಿ ಸಿಗುತ್ತಿತ್ತಾ? ದಕ್ಷಿಣ ಏಷ್ಯಾದಲ್ಲಿ ಕಂಟೇನರ್‌ಗಳು ಹಡಗಿನಿಂದ ಹಡಗಿಗೆ ಬದಲಾಗುವ ಅತಿ ದೊಡ್ಡ ಜಾಗ ಅದು. ನಮ್ಮ ದೇಶಕ್ಕೆ ಬರುವ ಎಷ್ಟೋ ಸಾಮಾನು ಅಲ್ಲಿ ಇಳಿದೇ ಬರುತ್ತದೆ. ಬಾಂಗ್ಲಾದೇಶದ ಚಟ್ಟೋಗ್ರಾಮ್ ಬಂದರಿನ ಮಾತೂ ಅಷ್ಟೇ. ವಿಶ್ವಸಂಸ್ಥೆ ಭದ್ರತಾ ಮಂಡಳಿಯ 2004ರ 1540ನೇ ನಿರ್ಣಯ ಇಂಥ ಸಾಮಾನಿನ ಮೇಲೆ ಕಣ್ಣಿಡಿ ಅಂತ ಎಲ್ಲ ದೇಶಗಳಿಗೂ ಹೇಳಿದೆ. ಆದರೆ ಯಾವ ವಾಲ್ವ್ ಮಾಮೂಲಿ, ಯಾವುದು ಅಲ್ಲ ಅಂತ ಪೆಟ್ಟಿಗೆ ತೆರೆದ ಗುಮಾಸ್ತನಿಗೆ ಹೇಳಿಕೊಡುವವರು ಬೇಕಲ್ಲ? ಕಾಂಡ್ಲಾದ ಕಸ್ಟಮ್ಸ್‌ನವರೂ ಡಿಆರ್‌ಡಿಒ ವಿಜ್ಞಾನಿಗಳೂ ಸೇರಿ ಕೊಲಂಬೊದಲ್ಲಿ ವಾರದ ಒಂದು ತರಬೇತಿ ಮಾಡಿದರೆ, ವಿಯೆನ್ನಾದ ಹತ್ತು ಭಾಷಣಕ್ಕಿಂತ ಅದು ಮೇಲು. ಎಂಟಿಸಿಆರ್ ಸದಸ್ಯತ್ವ ಎಲ್ಲರ ಒಮ್ಮತದಿಂದಲೇ ಸಿಗಬೇಕು, ಅದು ಸುಲಭವಲ್ಲ. 2004ರಲ್ಲಿ ಅರ್ಜಿ ಹಾಕಿದ ಚೀನಾಕ್ಕೆ ಇನ್ನೂ ಸಿಕ್ಕಿಲ್ಲ. ಆದರೆ ಸದಸ್ಯರಾಗದೆಯೂ ಅದರ ಪಟ್ಟಿಯನ್ನು ತಾವಾಗಿ ಪಾಲಿಸುತ್ತೇವೆ ಅಂತ ಯಾವ ದೇಶ ಬೇಕಾದರೂ ಘೋಷಿಸಬಹುದು.

ಹೀಗೆ ಕೇಳಿ, ಒಪ್ಪಿಸಿ, ದಾರಿಗೆ ತಂದ ಉದಾಹರಣೆಗಳು ಬೇಕಾದಷ್ಟಿವೆ. ಅರ್ಜೆಂಟೀನಾ ಕಾಂಡೋರ್-2 ಅನ್ನುವ ಕ್ಷಿಪಣಿ ಮಾಡುತ್ತಿತ್ತು. ಅದರಲ್ಲಿ ಈಜಿಪ್ಟ್, ಇರಾಕ್ ದೇಶಗಳೂ ಕೈಹಾಕಿದ್ದವು. ಅಧ್ಯಕ್ಷ ಮೆನೆಮ್ ಕಾಲದಲ್ಲಿ ಆ ಯೋಜನೆ ಕೈಬಿಟ್ಟು 1993ರಲ್ಲಿ ಅರ್ಜೆಂಟೀನಾ ಎಂಟಿಸಿಆರ್ ಸೇರಿತು. ದಕ್ಷಿಣ ಆಫ್ರಿಕಾ ತನ್ನ ದೊಡ್ಡ ರಾಕೆಟ್ ಕಾರ್ಯಕ್ರಮ ನಿಲ್ಲಿಸಿ 1995ರಲ್ಲಿ ಸೇರಿತು. ಲಿಬಿಯಾ 2003ರ ಡಿಸೆಂಬರ್‌ನಲ್ಲಿ ದೂರಗಾಮಿ ಕ್ಷಿಪಣಿಗಳನ್ನು ಬಿಟ್ಟುಕೊಡಲು ಒಪ್ಪಿತು. ಇವೆಲ್ಲ ಕ್ಷಿಪಣಿ ಇದ್ದವರ ಕಥೆ. ನಮ್ಮ ನಾಲ್ಕು ನೆರೆಯವರು ಬಿಟ್ಟುಕೊಡಬೇಕಾದ್ದು ಏನೂ ಇಲ್ಲವಾದ್ದರಿಂದ ನಮ್ಮ ಕೆಲಸ ಇದಕ್ಕಿಂತ ಸಲೀಸು.

ಅವರು ಯಾಕೆ ಹಿಂಜರಿಯಬಹುದು ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ದೆಹಲಿ ಹೇಳಿತು ಅಂತ ಸಹಿ ಹಾಕಿದರೆ ಬೀಜಿಂಗ್ ಏನನ್ನುತ್ತದೋ ಅನ್ನುವ ಭಯ. 2022ರ ಆಗಸ್ಟ್‌ನಲ್ಲಿ ಚೀನಾದ ಯುವಾನ್ ವಾಂಗ್-5 ಹಡಗು ಶ್ರೀಲಂಕಾದ ಹಂಬನ್‌ತೋಟ ಬಂದರಿಗೆ ಬಂದಾಗ ಕೊಲಂಬೊ ಎಷ್ಟು ಇಕ್ಕಟ್ಟಿಗೆ ಸಿಕ್ಕಿಕೊಂಡಿತು ಅಂತ ನಾವೆಲ್ಲ ನೋಡಿದ್ದೇವೆ. ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಹಡಗು ಅದು. ನಾವು ಬೇಡ ಅಂದೆವು, ಚೀನಾದವರು ಬೇಕು ಅಂದರು. ಕೊನೆಗೆ 2024ರಲ್ಲಿ ಶ್ರೀಲಂಕಾ ಒಂದು ವರ್ಷ ಯಾವ ವಿದೇಶಿ ಸಂಶೋಧನಾ ಹಡಗೂ ಬೇಡ ಅಂತ ಎಲ್ಲರಿಗೂ ಒಂದೇ ನಿಯಮ ಮಾಡಿತು. ಅದು ಜಾಣತನ. ಹೇಗ್ ಸಂಹಿತೆಯನ್ನೂ ಅವರಿಗೆ ಹಾಗೇ ತೋರಿಸಬೇಕು. ಅದು ಭಾರತದ ಕೂಟ ಅಲ್ಲ. ಅಮೆರಿಕವೂ ಇದೆ, ರಷ್ಯಾವೂ ಇದೆ, ಮಾಲ್ಡೀವ್ಸ್, ಸಿಂಗಪುರ, ಫಿಲಿಪ್ಪೀನ್ಸ್ ಇವೆ. ಒಳಗೆ ಬಂದರೆ ಭಾರತವನ್ನೇ ಪ್ರಶ್ನೆ ಕೇಳುವ ಅವಕಾಶವೂ ಅವರಿಗೆ ಸಿಗುತ್ತದೆ. ಅದನ್ನು ನಾವೇ ಬಾಯಿಬಿಟ್ಟು ಹೇಳಬೇಕು.

2024ರ ಸೆಪ್ಟೆಂಬರ್ 25ರಂದು ಚೀನಾ ಖಂಡಾಂತರ ಕ್ಷಿಪಣಿಯೊಂದನ್ನು ಪೆಸಿಫಿಕ್ ಸಾಗರಕ್ಕೆ ಹಾರಿಸಿತು. ಕೆಲವು ದೊಡ್ಡ ದೇಶಗಳಿಗೆ ಮುಂಚೆ ತಿಳಿಸಿತ್ತು. ಆದರೆ ಆ ಕಡೆಯ ಪುಟ್ಟ ದ್ವೀಪ ದೇಶ ಕಿರಿಬಾಟಿ, ನಮಗೆ ಯಾರೂ ಹೇಳಲಿಲ್ಲ ಅಂತ ಬೇಸರ ಮಾಡಿಕೊಂಡಿತು. ಯಾರಿಗೆ ತಿಳಿಸಬೇಕು ಅನ್ನುವುದು ಹಾರಿಸಿದವರ ಇಷ್ಟಕ್ಕೆ ಬಿಟ್ಟಾಗ ಪಟ್ಟಿಯಿಂದ ಮೊದಲು ಬಿಟ್ಟುಹೋಗುವುದು ಸಣ್ಣವರ ಹೆಸರೇ. ಬಂಗಾಳ ಕೊಲ್ಲಿಯಲ್ಲಿ ನಮ್ಮಿಂದ ಹಾಗಾಗಬಾರದು.

ಅವರನ್ನು ಒಪ್ಪಿಸುವುದು ಅಷ್ಟು ಕಷ್ಟ ಅಂತ ನನಗನ್ನಿಸುವುದಿಲ್ಲ. ನಿರಸ್ತ್ರೀಕರಣದಲ್ಲಿ ಈ ದೇಶಗಳು ನಮಗೇ ಪಾಠ ಹೇಳುವಷ್ಟು ಮುಂದಿವೆ. ಬಾಂಗ್ಲಾದೇಶ 2000ದಲ್ಲೇ ಅಣು ಪರೀಕ್ಷಾ ನಿಷೇಧ ಒಪ್ಪಂದವನ್ನು ಅನುಮೋದಿಸಿದೆ, ಶ್ರೀಲಂಕಾ 2023ರಲ್ಲಿ ಅನುಮೋದಿಸಿತು. ನಾವು ಇನ್ನೂ ಸಹಿಯನ್ನೇ ಹಾಕಿಲ್ಲ! 1995ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ಮಹಾಸಭೆಯ ಅಧ್ಯಕ್ಷತೆ ವಹಿಸಿದ್ದವರು ಶ್ರೀಲಂಕಾದ ಜಯಂತ ಧನಪಾಲ. ಏಷ್ಯಾ ಪೆಸಿಫಿಕ್‌ಗಾಗಿ ವಿಶ್ವಸಂಸ್ಥೆ ತೆರೆದ ನಿರಸ್ತ್ರೀಕರಣ ಕೇಂದ್ರದ ಕಚೇರಿ 2008ರಲ್ಲಿ ಕಠ್ಮಂಡುವಿಗೇ ಬಂದಿದೆ. ಇವರಿಗೆ ಶಾಂತಿಯ ಮಹತ್ವ ವಿವರಿಸಲು ನಾವು ಹೋಗಬೇಕಾಗಿಲ್ಲ. ವಿಯೆನ್ನಾಕ್ಕೊಂದು ಪತ್ರ ಕಳಿಸಿ, ನಾವೂ ಜೊತೆಗಿದ್ದೇವೆ ಅಂತ ಕೇಳಿದರೆ ಸಾಕು. ಅಣ್ಣನ ದನಿ ಬೇಡ.

ಪಾಕಿಸ್ತಾನದ ಬಗ್ಗೆ ಒಂದಷ್ಟು ಹೇಳದಿದ್ದರೆ ಈ ಪತ್ರ ಪೂರ್ತಿಯಾಗದು. ಅವರನ್ನು ಹೇಗ್ ಸಂಹಿತೆಗೆ ಕರೆಯಿರಿ ಅಂತ ಇವತ್ತು ಕೇಳುವುದರಲ್ಲಿ ಅರ್ಥವಿಲ್ಲ. 2025ರ ಮೇ ತಿಂಗಳ ಸಂಘರ್ಷದ ನೆನಪು ಇನ್ನೂ ಹಸಿಯಾಗಿದೆ. ಆದರೆ ಅವರಿಗೂ ನಮಗೂ ಒಂದು ಹಳೆಯ ಏರ್ಪಾಡಿದೆ. 1999ರ ಫೆಬ್ರುವರಿಯಲ್ಲಿ ಲಾಹೋರಿನಲ್ಲಿ ಮಾತಾಗಿ, 2005ರ ಅಕ್ಟೋಬರ್ 3ರಂದು ಇಸ್ಲಾಮಾಬಾದಿನಲ್ಲಿ ಸಹಿಯಾದ ಒಪ್ಪಂದ. ನೆಲದಿಂದ ನೆಲಕ್ಕೆ ಹಾರುವ ಬ್ಯಾಲಿಸ್ಟಿಕ್ ಕ್ಷಿಪಣಿ ಪರೀಕ್ಷೆಗೆ ಕನಿಷ್ಠ ಮೂರು ದಿನ ಮುಂಚೆ ತಿಳಿಸಬೇಕು. ಉಡಾವಣೆಯ ಜಾಗ ಗಡಿಯಿಂದ 40 ಕಿಲೊಮೀಟರ್ ಒಳಗೆ ಇರಬಾರದು, ಬೀಳುವ ಜಾಗ 75 ಕಿಲೊಮೀಟರ್ ಒಳಗೆ ಇರಬಾರದು. ವಿಮಾನದ ಥರ ಗಾಳಿಯಲ್ಲೇ ಹಾರಿಕೊಂಡು ಹೋಗುವ ಕ್ರೂಸ್ ಕ್ಷಿಪಣಿಗೆ ಇದು ಅನ್ವಯಿಸುವುದಿಲ್ಲ. ಈ ಒಪ್ಪಂದದ ಮಾತುಕತೆ ಮುಗಿದ ಕೆಲವೇ ದಿನಗಳಲ್ಲಿ, ಸಹಿಗೂ ಮುಂಚೆ, 2005ರ ಆಗಸ್ಟ್ 11ರಂದು, ಪಾಕಿಸ್ತಾನ ಬಾಬರ್ ಕ್ರೂಸ್ ಕ್ಷಿಪಣಿ ಹಾರಿಸಿತು. ನಮಗೆ ತಿಳಿಸಿರಲಿಲ್ಲ, ತಿಳಿಸಬೇಕಾಗಿಯೂ ಇರಲಿಲ್ಲ.

ಆಮೇಲೆ ಸರದಿ ನಮ್ಮದಾಯಿತು. 2022ರ ಮಾರ್ಚ್ 9ರ ಸಂಜೆ ನಮ್ಮ ಕ್ಷಿಪಣಿಯೊಂದು ಗಡಿ ದಾಟಿ ಹೋಗಿ ಪಾಕಿಸ್ತಾನದ ಪಂಜಾಬಿನ ಮಿಯಾನ್ ಚನ್ನು ಊರಿನ ಹತ್ತಿರ ಬಿತ್ತು. ಬ್ರಹ್ಮೋಸ್, ಅದೂ ಕ್ರೂಸ್ ಕ್ಷಿಪಣಿಯೇ. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. 40,000 ಅಡಿ ಎತ್ತರದಲ್ಲಿ ಹೋಯಿತು, ಅದೇ ದಾರಿಯಲ್ಲಿ ಪ್ರಯಾಣಿಕ ವಿಮಾನಗಳೂ ಇರುತ್ತವೆ ಅಂತ ಅಲ್ಲಿನ ಸೇನೆ ಹೇಳಿತು. ನಿರ್ವಹಣೆ ವೇಳೆ ತಾಂತ್ರಿಕ ದೋಷದಿಂದ ಆಯಿತು ಅಂತ ನಮ್ಮ ಸರ್ಕಾರ ಒಪ್ಪಿಕೊಂಡಿದ್ದು ಮಾರ್ಚ್ 11ರಂದು. ಎರಡು ದಿನ! ಆಗಸ್ಟ್‌ನಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳನ್ನು ವಜಾ ಮಾಡಲಾಯಿತು. 2005ರ ಒಪ್ಪಂದದಲ್ಲಿ ಕ್ರೂಸ್ ಕ್ಷಿಪಣಿಯೂ ಇದ್ದಿದ್ದರೆ ಈ ಅವಘಡ ತಪ್ಪುತ್ತಿತ್ತು ಅಂತ ನಾನು ಹೇಳುವುದಿಲ್ಲ, ಅವಘಡಕ್ಕೆ ಯಾರೂ ಮುಂಚಿತ ನೋಟಿಸ್ ಕೊಡುವುದಿಲ್ಲ. ಆದರೆ ಆಕಸ್ಮಿಕವಾಗಿ ಹಾರಿದ ತಕ್ಷಣ ಎತ್ತಬೇಕಾದ ಫೋನ್ ಯಾವುದು, ಹೇಳಬೇಕಾದ ಮಾತು ಯಾವುದು ಅಂತ ಬರೆದಿಟ್ಟಿದ್ದರೆ ಆ ಎರಡು ದಿನ ಎರಡು ಗಂಟೆಯಾಗುತ್ತಿತ್ತು.

ಹೇಗ್ ಸಂಹಿತೆಯ ದೊಡ್ಡ ಕೊರತೆಯೂ ಇದೇ. ಕ್ರೂಸ್ ಕ್ಷಿಪಣಿ, ಡ್ರೋನ್ ಅದರೊಳಗೆ ಬರುವುದಿಲ್ಲ. 2022ರ ಜನವರಿ 17ರಂದು ಯೆಮೆನ್‌ನ ಹೌತಿ ಬಂಡುಕೋರರು ಅಬುಧಾಬಿಯ ಮೇಲೆ ಡ್ರೋನ್, ಕ್ಷಿಪಣಿ ಹಾರಿಸಿದಾಗ ಮುಸಾಫ್ಫಾದ ತೈಲ ಡಿಪೊ ಹತ್ತಿರ ಸತ್ತವರು ಇಬ್ಬರು ಭಾರತೀಯರು, ಒಬ್ಬ ಪಾಕಿಸ್ತಾನಿ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಆ ದೇಶಗಳಲ್ಲೇ ದುಡಿಯುತ್ತಿದ್ದಾರೆ. ಅಂಥ ಗುಂಪುಗಳ ಕೈಗೆ ಹೋಗುವ ಕ್ಷಿಪಣಿಯನ್ನು ವಿಯೆನ್ನಾದ ಪತ್ರ ತಡೆಯುವುದಿಲ್ಲ. ಬಂದರಿನ ಗುಮಾಸ್ತ ತಡೆದರೆ ತಡೆಯಬಹುದು. ಇನ್ನು ಬ್ರಹ್ಮೋಸ್ ಅನ್ನು ನಾವೀಗ ಮಾರುತ್ತಿದ್ದೇವೆ, 2024ರಲ್ಲಿ ಫಿಲಿಪ್ಪೀನ್ಸಿಗೆ ಮೊದಲ ಕಂತು ಹೋಯಿತು. ಮಾರುವ ಹಕ್ಕು ನಮಗಿದೆ. ಆದರೆ ಮಾರುವವರಾಗಿ ನೆರೆಯವರ ಮನೆಗೆ ನಿಯಮದ ಮಾತಾಡಲು ಹೋದಾಗ, ಯಾರಿಗೆ ಮಾರುತ್ತೀರಿ, ಯಾರಿಗೆ ಮಾರುವುದಿಲ್ಲ ಅಂತ ಅವರು ಕೇಳಿಯೇ ಕೇಳುತ್ತಾರೆ. ಉತ್ತರ ಸಿದ್ಧ ಇಟ್ಟುಕೊಂಡೇ ಹೋಗಿ.

ಎಲ್ಲಿಂದ ಶುರು ಮಾಡಬಹುದು? ಸಂಹಿತೆಯಲ್ಲೇ ಒಂದು ಅವಕಾಶ ಇದೆ: ಉಡಾವಣಾ ನೆಲೆಗೆ ಬೇರೆ ದೇಶದವರನ್ನು ಸ್ವಇಚ್ಛೆಯಿಂದ ಕರೆಯಬಹುದು. ಶ್ರೀಹರಿಕೋಟಾದ ಮುಂದಿನ ಪಿಎಸ್‌ಎಲ್‌ವಿ ಉಡಾವಣೆಗೆ ಕೊಲಂಬೊ, ಢಾಕಾ, ಕಠ್ಮಂಡು, ಥಿಂಪುವಿನಿಂದ ಇಬ್ಬಿಬ್ಬರು ಅಧಿಕಾರಿಗಳನ್ನು ಕರೆಸಿ. ರಾಕೆಟ್ ಶ್ರೀಲಂಕಾವನ್ನು ಬಳಸಿ ತಿರುಗುವ ಗೆರೆಯನ್ನು ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಅವರೇ ನೋಡಲಿ. ವಿಯೆನ್ನಾಕ್ಕೆ ನಾವು ಕಳಿಸುವ ಪತ್ರದ ಪ್ರತಿಯನ್ನೂ ತೋರಿಸಿ, ಅದರಲ್ಲಿರುವುದು ಇಷ್ಟೇ ಅಂತ ಗೊತ್ತಾಗಲಿ. ಅವರು ಸಂಹಿತೆಗೆ ಸೇರುವ ತನಕ, ನಮ್ಮ ಉಡಾವಣಾ ಸೂಚನೆಗಳನ್ನು ಈ ನಾಲ್ಕು ರಾಜಧಾನಿಗಳಿಗೆ ನಾವೇ ನೇರವಾಗಿ ಕಳಿಸುತ್ತೇವೆ ಅಂತ ಘೋಷಿಸಿ. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.

ಕೊನೆಯದಾಗಿ ಎರಡು ಪ್ರಶ್ನೆ ಕೇಳುತ್ತೇನೆ. 2016ರಿಂದ ಇಲ್ಲಿಯವರೆಗೆ ಶ್ರೀಲಂಕಾ, ಬಾಂಗ್ಲಾದೇಶ, ನೇಪಾಳ, ಭೂತಾನ್ ದೇಶಗಳ ಜೊತೆ ನಡೆದ ಯಾವುದಾದರೂ ಅಧಿಕೃತ ಮಾತುಕತೆಯ ಕಾರ್ಯಸೂಚಿಯಲ್ಲಿ ಹೇಗ್ ಸಂಹಿತೆಯ ಹೆಸರು ಬಂದಿದೆಯಾ? ಬಂದಿದ್ದರೆ ಅವರು ಕೊಟ್ಟ ಉತ್ತರ ಏನು? ನನಗೆ ಪತ್ರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ನೀವು ರಾಜ್ಯಸಭೆಯ ಸದಸ್ಯರು, ಸದನದಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿದಾಗ ಉತ್ತರಿಸಿದರೆ ಸಾಕು. ಕರ್ನಾಟಕದಿಂದ ಹೋಗಿರುವ ಸದಸ್ಯರಿಗೆ ಈ ಪತ್ರದ ಪ್ರತಿಯನ್ನು ಕಳಿಸುತ್ತಿದ್ದೇನೆ.

ಗೌರವಗಳೊಂದಿಗೆ,

ಬೆಂಗಳೂರಿನ ಒಬ್ಬ ನಾಗರಿಕ